ಬ್ಯಾಟರಿಯ ಎಚ್ಚರಿಕೆ ಯಾರಿಗೆ?

ಕನ್ನಡದ ಯುವಕರೇ,

ನಿಮ್ಮ ಬೈಕಿನ ಬ್ಯಾಟರಿ ಮೇಲಿನ ಎಚ್ಚರಿಕೆ ಯಾವ ಭಾಷೆಯಲ್ಲಿದೆ? ಇಂದೇ ನೋಡಿ! ಒಳಗಿರುವುದು ಗಂಧಕಾಮ್ಲ, ಕಣ್ಣಿಗೆ ಸಿಡಿದರೆ ಕಣ್ಣೇ ಹೋದೀತು. ಚಾರ್ಜ್ ಆಗುವಾಗ ಹೊರಡುವ ಜಲಜನಕಕ್ಕೆ ಬೀಡಿಯ ಕಿಡಿ ಸಾಕು. ನೀವೇನೋ ಇಂಗ್ಲಿಷ್ ಓದುತ್ತೀರಿ. ಶಿವಾಜಿನಗರದ ಗ್ಯಾರೇಜಿನಲ್ಲಿ ಕನ್ನಡವಷ್ಟೇ ಓದಬಲ್ಲ ಹುಡುಗನ ಗತಿ ಏನು? ಅವನ ಕಣ್ಣಿಗೆ ಬೆಲೆ ಇಲ್ಲವೇ?

ಕನ್ನಡದಲ್ಲೇ ಹೇಳುತ್ತೇವೆ, ಕೇಳಿ. ಮುಚ್ಚಳ ತೆರೆಯುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ತುಂಬಿ; ಆಸಿಡ್ ಬೇಡ, ನಲ್ಲಿ ನೀರೂ ಬೇಡ. ಸೀಲ್ ಆದದ್ದನ್ನು ತೆರೆಯಲೇಬೇಡಿ. 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್ ಚಾರ್ಜ್ ಸಾಕು. ಅವಸರಪಟ್ಟರೆ ಪ್ಲೇಟು ಹಾಳು.

ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಲು ಎಷ್ಟು ಶಾಯಿ ಬೇಕು? ಹಲಸೂರಿರಲಿ, ಕೆ.ಆರ್. ಪುರವಿರಲಿ, ಹೊಸ ಬ್ಯಾಟರಿ ಕೊಳ್ಳುವಾಗ ಕನ್ನಡದ ಚೀಟಿ ಕೇಳಿ. ಸಿಗುವವರೆಗೆ ಕೇಳುತ್ತಲೇ ಇರಿ!