ಮೈಸೂರು ನಗರದ ದೂರಸಂಪರ್ಕ ಮತ್ತು ಪ್ರಸಾರ ವ್ಯವಸ್ಥೆ: ಸ್ಥಳೀಯ ಮಾಹಿತಿಯ ಪ್ರಶ್ನೆ

ಪ್ರಸಾರ ಭಾರತಿಯು 2023ರ ಮೇ ತಿಂಗಳಿನಲ್ಲಿ ತನ್ನ ಬಾನುಲಿ ಸೇವೆಗೆ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರನ್ನು ಕೈಬಿಟ್ಟು 'ಆಕಾಶವಾಣಿ' ಎಂಬ ಹೆಸರನ್ನು ಮಾತ್ರ ಬಳಸುವಂತೆ ತನ್ನ ನಿಲಯಗಳಿಗೆ ಸೂಚಿಸಿತು. ದೇಶದ ಇತರ ನಗರಗಳಿಗೆ ಇದು ಆಡಳಿತಾತ್ಮಕ ಬದಲಾವಣೆಯಾಗಿದ್ದಿರಬಹುದು. ಮೈಸೂರಿನ ನಾಗರಿಕರಿಗೆ ಮಾತ್ರ ಅದು ಮನೆಯ ಹೆಸರೇ ಆಗಿದೆ. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು 'ವಿಠ್ಠಲ ವಿಹಾರ' ಎಂಬ ತಮ್ಮ ಮನೆಯಲ್ಲಿ 30 ವಾಟ್ ಸಾಮರ್ಥ್ಯದ ಪ್ರೇಷಕದಿಂದ ಪ್ರಸಾರ ಆರಂಭಿಸಿದ ಖಾಸಗಿ ನಿಲಯವೇ 'ಆಕಾಶವಾಣಿ' ಎಂಬ ಹೆಸರನ್ನು ಪಡೆದುಕೊಂಡಿತ್ತು.

ಆ ನಿಲಯವು ಮೊದಲು ಒಬ್ಬ ವ್ಯಕ್ತಿಯ ಆಸಕ್ತಿಯಿಂದ, ನಂತರ ನಗರಸಭೆಯ ನೆರವಿನಿಂದ ನಡೆದು, 1942ರಲ್ಲಿ ಮೈಸೂರು ಸಂಸ್ಥಾನದ ವಶಕ್ಕೆ ಬಂದಿತು. 1950ರಲ್ಲಿ ಕೇಂದ್ರ ಸರ್ಕಾರವು ಅದನ್ನು ವಹಿಸಿಕೊಂಡಿತು. 1955ರಲ್ಲಿ ನಿಲಯವು ಬೆಂಗಳೂರಿಗೆ ಸ್ಥಳಾಂತರಗೊಂಡ ಮೇಲೆ ಸುಮಾರು ಎರಡು ದಶಕಗಳ ಕಾಲ ನಗರಕ್ಕೆ ತನ್ನದೇ ನಿಲಯವಿರಲಿಲ್ಲ. 1974ರಲ್ಲಿ ಮೈಸೂರು ಆಕಾಶವಾಣಿಯು ಪುನರಾರಂಭಗೊಂಡಿತು. ಯಾದವಗಿರಿಯಲ್ಲಿರುವ ಈ ನಿಲಯದ ಪ್ರಸಾರವು 100.6 ಮೆಗಾಹರ್ಟ್ಸ್ ಎಫ್.ಎಂ. ತರಂಗಾಂತರದಲ್ಲಿ ಲಭ್ಯವಿದೆ. ಸ್ಥಳೀಯ ನಿಲಯವೊಂದು ಒಮ್ಮೆ ಕೈಬಿಟ್ಟುಹೋದರೆ ಅದನ್ನು ಮರಳಿ ಪಡೆಯಲು ಎಷ್ಟು ವರ್ಷ ಬೇಕಾಗುತ್ತದೆ ಎಂಬುದನ್ನು ಈ ಅವಧಿಯು ತೋರಿಸುತ್ತದೆ.

ಈಗಿನ ಪರಿಸ್ಥಿತಿಯಲ್ಲಿ ವಾಹಿನಿಗಳ ಕೊರತೆ ನಗರಕ್ಕೆ ಇಲ್ಲ. ಖಾಸಗಿ ಎಫ್.ಎಂ.ನ ಎರಡನೆಯ ಹಂತದಲ್ಲಿ ಮೈಸೂರಿಗೆ ಖಾಸಗಿ ನಿಲಯಗಳು ಬಂದವು. ಕೇಬಲ್ ಟಿ.ವಿ. ಡಿಜಿಟಲೀಕರಣದ ಎರಡನೆಯ ಹಂತದ 38 ನಗರಗಳಲ್ಲಿ ರಾಜ್ಯದಿಂದ ಬೆಂಗಳೂರಿನೊಂದಿಗೆ ಮೈಸೂರು ಸಹ ಸೇರಿದ್ದು, ಅದರ ಗಡುವು 2013ರ ಮಾರ್ಚ್ 31 ಆಗಿತ್ತು. ಅದೇ ವರ್ಷ ಜುಲೈ ತಿಂಗಳಿನಲ್ಲಿ ದೇಶದ ತಂತಿ ಸೇವೆ ಕೊನೆಗೊಂಡಿತು. ದೂರವಾಣಿ ಕ್ಷೇತ್ರದಲ್ಲಿ 2000ನೇ ಇಸವಿ ಅಕ್ಟೋಬರ್ 1ರಂದು ಸ್ಥಾಪನೆಯಾದ ಬಿ.ಎಸ್.ಎನ್.ಎಲ್. ಸಂಸ್ಥೆಯು ಖಾಸಗಿ ಕಂಪನಿಗಳ ಪೈಪೋಟಿಯನ್ನು ಎದುರಿಸುತ್ತಿದೆ. 2020ರ ಜನವರಿ ಅಂತ್ಯಕ್ಕೆ ಅದರ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಪಡೆದರು. ಸ್ವದೇಶಿ ತಂತ್ರಜ್ಞಾನದ 4ಜಿ ಜಾಲವನ್ನು ಸಂಸ್ಥೆಯು 2025ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಕ್ಕೆ ಸಮರ್ಪಿಸಿದೆ. 1885ರ ಟೆಲಿಗ್ರಾಫ್ ಕಾಯ್ದೆಯ ಸ್ಥಾನದಲ್ಲಿ 2023ರ ದೂರಸಂಪರ್ಕ ಕಾಯ್ದೆಯನ್ನು ತರಲಾಗಿದ್ದು, 2024ರ ಜೂನ್‌ನಿಂದ ಅದರ ಕಲಮುಗಳು ಹಂತಹಂತವಾಗಿ ಜಾರಿಗೆ ಬರತೊಡಗಿವೆ.

ಇಷ್ಟೆಲ್ಲ ಮಾರ್ಗಗಳಿದ್ದರೂ ಮೈಸೂರಿನ ನಾಗರಿಕನಿಗೆ ಮೈಸೂರಿನ ಬಗ್ಗೆಯೇ ತಕ್ಷಣ ತಿಳಿಯಬೇಕಾದ ವಿಷಯ ಎಲ್ಲಿಂದ ತಿಳಿಯುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಭಾರೀ ಪ್ರಮಾಣದ ನೀರನ್ನು ಹೊರಬಿಟ್ಟಾಗ ನಂಜನಗೂಡಿನ ತಗ್ಗು ಪ್ರದೇಶಗಳು ಜಲಾವೃತವಾದವು; ಮಲ್ಲನಮೂಲೆ ಬಳಿ ರಸ್ತೆಯ ಮೇಲೆ ನೀರು ಬಂದು ಮೈಸೂರು–ನಂಜನಗೂಡು ಹೆದ್ದಾರಿಯ ಸಂಚಾರ ನಿಂತಿತು. ಅಂತಹ ಸಂದರ್ಭದಲ್ಲಿ ಪ್ರಯಾಣಿಕನಿಗೆ ಬೇಕಾಗುವುದು ಯಾವ ರಸ್ತೆ ತೆರೆದಿದೆ ಎಂಬ ಒಂದು ವಾಕ್ಯ ಮಾತ್ರ. ಅದು ಅಧಿಕೃತವಾಗಿರಬೇಕು ಮತ್ತು ಸಕಾಲದಲ್ಲಿ ದೊರೆಯಬೇಕು. ಮೊಬೈಲ್‌ನಲ್ಲಿ ಹರಿದಾಡುವ ಸಂದೇಶಗಳು ಬೇಗ ತಲುಪುತ್ತವೆ. ಆದರೆ ಹಿಂದಿನ ವರ್ಷದ ಚಿತ್ರವು ಈ ವರ್ಷದ ಪ್ರವಾಹವೆಂದು ಹರಡುವುದಕ್ಕೂ ಅದೇ ಮಾರ್ಗವಾಗಿದೆ.

ಈ ನಿಟ್ಟಿನಲ್ಲಿ ದೂರಸಂಪರ್ಕ ಇಲಾಖೆಯು 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆ ಸಂದೇಶದ ಪರೀಕ್ಷೆ ನಡೆಸಿತು. ಇದರಲ್ಲಿ ನಿರ್ದಿಷ್ಟ ಪ್ರದೇಶದ ಗೋಪುರಗಳ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ, ದೂರವಾಣಿ ಸಂಖ್ಯೆಯ ಪಟ್ಟಿಯ ಅಗತ್ಯವಿಲ್ಲದೆ, ಏಕಕಾಲಕ್ಕೆ ಸಂದೇಶ ಹೋಗುತ್ತದೆ. ಇದು ಸ್ವಾಗತಾರ್ಹ ವ್ಯವಸ್ಥೆ. ಆದಾಗ್ಯೂ ಗೋಪುರಕ್ಕೆ ವಿದ್ಯುತ್ ಬೇಕು. ದೀರ್ಘಕಾಲ ವಿದ್ಯುತ್ ಕಡಿತವಾಗಿ ಬ್ಯಾಟರಿ ಮತ್ತು ಜನರೇಟರಿನ ಡೀಸೆಲ್ ಮುಗಿದರೆ ಗೋಪುರವೂ ನಿಲ್ಲುತ್ತದೆ. ಪ್ರೇಷಕವು ದೂರದಲ್ಲಿ ಸುರಕ್ಷಿತವಾಗಿದ್ದಲ್ಲಿ ಎರಡು ಸೆಲ್‌ಗಳ ಚಿಕ್ಕ ರೇಡಿಯೋಗೆ ಈ ತೊಡಕಿಲ್ಲ. ಮೊಬೈಲ್ ಫೋನುಗಳಲ್ಲಿ ಎಫ್.ಎಂ. ಸೌಲಭ್ಯವನ್ನು ನಿಷ್ಕ್ರಿಯಗೊಳಿಸಬಾರದೆಂದು ಕೇಂದ್ರ ಸರ್ಕಾರವು 2023ರಲ್ಲಿ ತಯಾರಕರಿಗೆ ಸಲಹೆ ನೀಡಿರುವುದಕ್ಕೆ ತುರ್ತು ಸಂದರ್ಭಗಳಲ್ಲಿ ಬಾನುಲಿಯ ಈ ಉಪಯುಕ್ತತೆಯೂ ಒಂದು ಕಾರಣ.

ಖಾಸಗಿ ಎಫ್.ಎಂ. ನಿಲಯಗಳು ಸ್ವಂತ ಸುದ್ದಿಯನ್ನು ಪ್ರಸಾರ ಮಾಡುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಬದಲಾವಣೆಯಿಲ್ಲದೆ ಮರುಪ್ರಸಾರ ಮಾಡಬಹುದು. ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ನೀಡಬಹುದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2023ರ ಸೆಪ್ಟೆಂಬರ್‌ನಲ್ಲಿ ಶಿಫಾರಸು ಮಾಡಿದೆ. ಈ ಚರ್ಚೆಯ ನಡುವೆ ನಿಯಮದ ಇನ್ನೊಂದು ಭಾಗವು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಮೂರನೆಯ ಹಂತದ ನೀತಿಯ ಪ್ರಕಾರ ಸಂಚಾರ ಮತ್ತು ಹವಾಮಾನ, ಹಬ್ಬ ಹಾಗೂ ಸಾಂಸ್ಕೃತಿಕ ಕಾರ್ಯಕ್ರಮಗಳು, ಪರೀಕ್ಷಾ ಫಲಿತಾಂಶ, ಉದ್ಯೋಗಾವಕಾಶ, ಹಾಗೆಯೇ ಸ್ಥಳೀಯ ಆಡಳಿತವು ಒದಗಿಸುವ ವಿದ್ಯುತ್, ನೀರು ಸರಬರಾಜು, ಪ್ರಕೃತಿ ವಿಕೋಪ ಮತ್ತು ಆರೋಗ್ಯ ಎಚ್ಚರಿಕೆ ಕುರಿತ ಪ್ರಕಟಣೆಗಳನ್ನು ಸುದ್ದಿಯೆಂದು ಪರಿಗಣಿಸುವುದಿಲ್ಲ. ಅಂದರೆ ಇವುಗಳ ಪ್ರಸಾರಕ್ಕೆ ಈಗಾಗಲೇ ಅವಕಾಶವಿದೆ. 'ಸ್ಥಳೀಯ ಆಡಳಿತವು ಒದಗಿಸುವ' ಎಂಬ ಮಾತು ಇಲ್ಲಿ ಮುಖ್ಯ. ನಿಲಯವು ಪ್ರಸಾರ ಮಾಡಲು ಸಿದ್ಧವಿದ್ದರೂ ಸಂಬಂಧಿತ ಕಚೇರಿಯು ಮಾಹಿತಿ ಕಳುಹಿಸದಿದ್ದಲ್ಲಿ ಈ ಅವಕಾಶವು ಕಾಗದದ ಮೇಲೆಯೇ ಉಳಿಯುತ್ತದೆ.

ಸಮುದಾಯ ಬಾನುಲಿಯ ವಿಷಯದಲ್ಲಿ ಪ್ರಶ್ನೆಯು ಹಣಕಾಸಿನದು. 2006ರ ನೀತಿಯಂತೆ ಲಾಭರಹಿತ ಸಂಸ್ಥೆಗಳಿಗೂ 100 ವಾಟ್ ಮಿತಿಯ ನಿಲಯಕ್ಕೆ ಅನುಮತಿ ದೊರೆಯುತ್ತದೆ. ಮೈಸೂರು ಜಿಲ್ಲೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು 2012ರಲ್ಲಿ ಆರಂಭಿಸಿದ 'ಜನಧ್ವನಿ' ಇದಕ್ಕೆ ಉದಾಹರಣೆ. 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಜಾಹೀರಾತಿನ ಅವಧಿಯನ್ನು ಗಂಟೆಗೆ 7ರಿಂದ 12 ನಿಮಿಷಕ್ಕೂ, ದರವನ್ನು 10 ಸೆಕೆಂಡಿಗೆ 52ರಿಂದ 74 ರೂಪಾಯಿಗೂ ಹೆಚ್ಚಿಸಲಾಗಿದೆ. ಪೂರ್ಣ 12 ನಿಮಿಷವೂ ಈ ದರದಲ್ಲಿ ಮಾರಾಟವಾದರೆ ಗಂಟೆಗೆ 5,328 ರೂಪಾಯಿ ಬರುತ್ತದೆ. ಲೆಕ್ಕ ಸರಿಯೇ, ಆದರೆ ಸಣ್ಣ ಪಟ್ಟಣದಲ್ಲಿ ದಿನವಿಡೀ 12 ನಿಮಿಷವನ್ನು ಕೊಳ್ಳುವಷ್ಟು ಜಾಹೀರಾತುದಾರರು ಸಿಗುವುದು ದುರ್ಲಭ. ಸಿಬ್ಬಂದಿಯ ಗೌರವಧನ, ವಿದ್ಯುತ್ ಬಿಲ್ಲು, ಯಂತ್ರಗಳ ದುರಸ್ತಿಯಂತೂ ಪ್ರತಿ ತಿಂಗಳೂ ತಪ್ಪಿದ್ದಲ್ಲ. ಇಲಾಖೆಗಳು ತಮ್ಮ ಪ್ರಚಾರ ಅನುದಾನದ ಸ್ವಲ್ಪ ಭಾಗವನ್ನು ಇಂತಹ ನಿಲಯಗಳಿಗೆ ನಿಯಮಿತವಾಗಿ ನೀಡಿದಲ್ಲಿ ಮೊತ್ತ ಚಿಕ್ಕದಾದರೂ ಭರವಸೆಯ ಆದಾಯವಾಗುತ್ತದೆ.

ಕೇಬಲ್ ಜಾಲದ ಸ್ಥಳೀಯ ವಾಹಿನಿಗಳಿಗೂ 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಮಾರ್ಗಸೂಚಿ ಹೊರಡಿಸಿದ್ದು, ಪ್ರತಿ ವಾಹಿನಿಗೆ 1,000 ರೂಪಾಯಿ ನೋಂದಣಿ ಶುಲ್ಕ ಮತ್ತು ಒಟ್ಟು ವಾಹಿನಿಗಳ ಸಾಮರ್ಥ್ಯದ ಶೇ. 5ರ ಮಿತಿಯನ್ನು ನಿಗದಿಪಡಿಸಿದೆ.

ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳನ್ನು ಸಾರ್ವಜನಿಕ ಹಿತಕ್ಕಾಗಿ ಬಳಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ಮೈಸೂರಿನಲ್ಲಿ ಇದನ್ನು ಕಾರ್ಯರೂಪಕ್ಕೆ ತರಲು ಹೊಸ ಪರವಾನಗಿಯಾಗಲಿ ಹೊಸ ಗೋಪುರವಾಗಲಿ ತಕ್ಷಣ ಬೇಕಾಗಿಲ್ಲ. ದಸರಾ ಸಮಯದಲ್ಲಿ ಸಂಚಾರ ಮಾರ್ಗ ಬದಲಾವಣೆಯ ಪ್ರಕಟಣೆಗಳು ಮಾಧ್ಯಮಗಳಿಗೆ ಮುಂಚಿತವಾಗಿ ತಲುಪುತ್ತವೆ. ವಾಣಿವಿಲಾಸ ನೀರು ಸರಬರಾಜು ಕೇಂದ್ರದ ನೀರು ವ್ಯತ್ಯಯ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವಿದ್ಯುತ್ ನಿಲುಗಡೆ, ಕಬಿನಿ ಮತ್ತು ಕೃಷ್ಣರಾಜಸಾಗರದ ಹೊರಹರಿವು ಇವುಗಳ ವಿವರವನ್ನೂ ಅದೇ ರೀತಿ ಪ್ರತಿದಿನ ನಿಗದಿತ ವೇಳೆಗೆ, ಹೆಸರಿಸಿದ ಒಬ್ಬ ಅಧಿಕಾರಿಯ ಮೂಲಕ, ಆಕಾಶವಾಣಿಗೂ ಖಾಸಗಿ ಮತ್ತು ಸಮುದಾಯ ನಿಲಯಗಳಿಗೂ ಏಕಕಾಲಕ್ಕೆ ಕನ್ನಡದಲ್ಲಿ ಕಳುಹಿಸಬಹುದಾಗಿದೆ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.