ತೂಕಕ್ಕೆ ಹೋದ ಹಂಡೆ

ಕಳೆದ ಭಾನುವಾರ ಹರದನಹಳ್ಳಿಯಿಂದ ಬೆಳಗಿನ ಬಸ್ ಹತ್ತಿದೆವು. ಚಾಮರಾಜನಗರ, ಗುಂಡ್ಲುಪೇಟೆಯ ಗುಜರಿ ಅಂಗಡಿ, ಪಾತ್ರೆ ಅಂಗಡಿಗಳಲ್ಲಿ ಹಳೇ ಸಾಮಾನು ಏನು ಸಿಗುತ್ತದೆ ಎಂದು ನೋಡಿ ಬರುವುದು ನಮ್ಮ ಉದ್ದೇಶ. ಜೇಬಲ್ಲಿ ಎರಡು ಸಾವಿರ ರೂಪಾಯಿ ಇತ್ತು.

ಚಾಮರಾಜನಗರದ ಮೊದಲ ಅಂಗಡಿಯಲ್ಲೇ ನಿಂತುಬಿಟ್ಟೆವು. ಹಿತ್ತಾಳೆ ಕೊಡ, ತಾಮ್ರದ ಹಂಡೆ, ಚೊಂಬು, ದೀಪದ ಕಂಬ ಎಲ್ಲವೂ ಒಂದೇ ರಾಶಿಯಲ್ಲಿ ಬಿದ್ದಿದ್ದವು. ಅರ್ಧಕ್ಕಿಂತ ಹೆಚ್ಚು ಪಾತ್ರೆಗಳ ಕಂಠದಲ್ಲಿ ಹೆಸರು ಕೆತ್ತಿತ್ತು. ತವರಿನವರು ಮದುವೆಗೆ ಕೊಟ್ಟ ಪಾತ್ರೆಗಳಿರಬೇಕು. ಇವು ಯಾವ ಊರಿನವು ಎಂದು ಕೇಳಿದೆವು. ಅಂಗಡಿಯವರು ನಕ್ಕರು: "ಊರು ಯಾರ್ ಕೇಳ್ತಾರ ಸಾ? ನಾವ್ ನೋಡದು ತೂಕ ಒಂದೇಯ."

ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಹೋದರೆ ಲೆಕ್ಕವೇ ಬೇರೆ. ಊಟಿ, ವಯನಾಡಿಗೆ ಹೋಗುವ ಕಾರುಗಳು ಅಲ್ಲಿ ನಿಲ್ಲುತ್ತವೆ. ಗುಜರಿಯಲ್ಲಿ ಧೂಳು ಹಿಡಿದು ಬಿದ್ದಿದ್ದಂಥದೇ ಲಾಟೀನು, ಅಂಥದೇ ಸೇರು ಇಲ್ಲಿ ಹುಣಸೆಹಣ್ಣಲ್ಲಿ ತಿಕ್ಕಿಸಿಕೊಂಡು ಹೊಳೆಯುತ್ತಿದ್ದವು. ಬೆಲೆ ನಾಲ್ಕು ಪಟ್ಟು. ಮೂಲೆಯಲ್ಲಿ ಒಂದು ಜೊತೆ ಕಂಸಾಳೆ ಕಂಡಿತು. ಮಾದಪ್ಪನ ಗುಡ್ಡರು ತಲೆಮಾರುಗಳಿಂದ ಕೈಯಲ್ಲಿ ಹಿಡಿದು ಹಾಡಿ ಕುಣಿದ ತಾಳ ಅದು. ಅಂಗಡಿಯವರು ಅದನ್ನು "ಗೋಡೆಗೆ ತೂಗಾಕೋ ಶೋ ಪೀಸು" ಅಂದರು. ನಮಗೆ ಕರುಳು ಚುರುಕ್ ಎಂದಿತು.

ಮಾರಬೇಡಿ ಎಂದು ನಾವು ಹೇಳುವುದಿಲ್ಲ. ಆಸ್ಪತ್ರೆ ಬಿಲ್ಲು, ಮಕ್ಕಳ ಫೀಸು ಬಾಗಿಲಿಗೆ ಬಂದು ನಿಂತಾಗ ಅಟ್ಟದ ಮೇಲಿನ ಹಂಡೆಯೇ ಕೈ ಹಿಡಿಯುತ್ತದೆ. ನಮ್ಮ ತಕರಾರು ಇಷ್ಟೇ: ಗೊತ್ತಿಲ್ಲದೆ ಮಾರಬೇಡಿ. ಮಾರುವ ಮುನ್ನ ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ಅದು ಯಾರದು, ಎಲ್ಲಿಂದ ಬಂತು ಎಂದು ಮನೆಯ ಹಿರಿಯರನ್ನು ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಎರಡು ಅಂಗಡಿಯಲ್ಲಾದರೂ ಬೆಲೆ ವಿಚಾರಿಸಿ.

ಕಾನೂನೂ ತಿಳಿದಿರಲಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಶಿಲ್ಪ, ನಾಣ್ಯದಂಥವು ಪ್ರಾಚ್ಯವಸ್ತುಗಳು. ಮಹತ್ವದ ಹಸ್ತಪ್ರತಿಯಾದರೆ 75 ವರ್ಷವಾದರೆ ಸಾಕು. ಇವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಹೊಲ ಉಳುವಾಗ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎನ್ನುತ್ತದೆ ನಿಧಿ ಕಾಯ್ದೆ. ಊರ ಮುಂದಿನ ವೀರಗಲ್ಲು ಕೇಳಿಕೊಂಡು ಯಾರಾದರೂ ಬಂದರೆ ಪೊಲೀಸರಿಗೆ ಹೇಳಿ.

ಇನ್ನೊಂದು ಮಾತು. ಹಳೇ ನಾಣ್ಯಕ್ಕೆ ಲಕ್ಷ ರೂಪಾಯಿ ಕೊಡುತ್ತೇವೆ ಎಂಬ ಮೆಸೇಜು ನಿಮ್ಮ ಫೋನಿಗೂ ಬಂದಿರಬಹುದು. ಅವರು ಮೊದಲು ಕೇಳುವುದು ಕಮಿಷನ್ ದುಡ್ಡು. ತಾನು ಇಂಥ ವ್ಯವಹಾರ ಮಾಡುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಒಂದು ಪೈಸೆಯನ್ನೂ ಕಳಿಸಬೇಡಿ.

ಅಟ್ಟದಲ್ಲಿ ಓಲೆಗರಿಯ ಕಟ್ಟು ಇದ್ದರೆ ಒಲೆಗೂ ಹಾಕಬೇಡಿ, ಗುಜರಿಗೂ ಹಾಕಬೇಡಿ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಬ್ಬ ಪಂಡಿತರು ತಂದುಕೊಟ್ಟ ಇಂಥದೊಂದು ಕಟ್ಟಿನಲ್ಲೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು. 1909ರಲ್ಲಿ ಅದು ಅಚ್ಚಾಯಿತು. ನಮ್ಮ ಜಿಲ್ಲೆಯ ಅಟ್ಟಗಳಲ್ಲಿ ಏನಿದೆಯೋ ಯಾರು ಬಲ್ಲರು?

ಕಂಸಾಳೆ ಕೊಳ್ಳಲು ನಮ್ಮ ದುಡ್ಡು ಸಾಲಲಿಲ್ಲ. ಆರುನೂರು ಕೊಟ್ಟು ಒಂದು ಹಿತ್ತಾಳೆ ಸೇರು ತಂದೆವು. ಕಿಲೋ, ಲೀಟರು ಬಂದು ಅರವತ್ತು ವರ್ಷವಾಗಿದ್ದರೂ ನಮ್ಮ ಕಡೆ ರಾಗಿ ಅಳೆಯಲು ಇನ್ನೂ ಸೇರೇ ಬೇಕು.

ಸಂಜೆ ಮನೆಗೆ ಬಂದಾಗ ಅವ್ವ ಸೇರನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ನಮ್ಮನೆ ಹಂಡೆ ಎಲ್ಲಾದ್ರೂ ಕಾಣ್ತಾ?"

ಅವ್ವನ ಅವ್ವ ಕೊಟ್ಟಿದ್ದ ಹಂಡೆ ಅದು. ಇಪ್ಪತ್ತು ವರ್ಷದ ಹಿಂದೆ ಬೀದಿಗೆ ಬಂದ ವ್ಯಾಪಾರಿಗೆ ಕೊಟ್ಟು ಎರಡು ಪ್ಲಾಸ್ಟಿಕ್ ಬಕೆಟ್ ತೆಗೆದುಕೊಂಡಿದ್ದೆವು. ಆ ಬಕೆಟ್‌ಗಳು ಒಡೆದು ಎಷ್ಟೋ ಕಾಲವಾಯಿತು. ಹಂಡೆಯ ಒಂದು ಫೋಟೊ ಕೂಡ ನಮ್ಮಲ್ಲಿಲ್ಲ.