ವಿದ್ಯಾದಾನವೂ ಕಟ್ಟಡದಾನವೂ

ಭಟ್ಕಳ ತಾಲೂಕಿನ ಹಾಡುವಳ್ಳಿಗೆ ಸಂಗೀತಪುರವೆಂಬುದು ಹಳೆಯ ಹೆಸರು. ಅಲ್ಲಿಯ ಜೈನ ಮಠದ ಶಿಷ್ಯಪರಂಪರೆಗೆ ಸೇರಿದ ಭಟ್ಟಾಕಳಂಕದೇವನು 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿ, 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡದ ಲಕ್ಷಣವನ್ನು ನಿರೂಪಿಸಿದನು. ಕನ್ನಡವು ಶಾಸ್ತ್ರಕ್ಕೆ ಒಗ್ಗದೆಂದು ಮೂಗುಮುರಿಯುತ್ತಿದ್ದ ಪಂಡಿತರಿಗೆ ಅವರ ಭಾಷೆಯಲ್ಲಿಯೇ ದೊರೆತ ಉತ್ತರವದು. ಕರಾವಳಿಯ ವಿದ್ಯಾಚರಿತ್ರೆಯನ್ನು ಆಂಗ್ಲರ ಶಾಲೆಗಳಿಂದಲೇ ಆರಂಭಿಸುವವರು ಈ ಊರನ್ನು ಒಮ್ಮೆ ನೋಡಿ ಬರುವುದೊಳಿತು.

ಆದರೆ ಆ ವಿದ್ಯೆಯ ಬಾಗಿಲು ಕಿರಿದಾಗಿತ್ತೆಂಬುದನ್ನು ಮರೆಮಾಚಲಾಗದು. ಶರಾವತಿಯಲ್ಲಿ ದೋಣಿ ನಡೆಸುವವನ ಮಗನಿಗೂ ಗೇಣಿಗದ್ದೆ ಉಳುವವನ ಮಗಳಿಗೂ ಅಲ್ಲಿ ಎಡೆಯಿರಲಿಲ್ಲ. ಬಾಗಿಲನ್ನು ಅಗಲಿಸಿದವರು ಈಚಿನವರು. 1919ರಲ್ಲಿ ಭಟ್ಕಳದ ಮುಸ್ಲಿಂ ಸಮಾಜವು ಅಂಜುಮನ್ ಸಂಸ್ಥೆಯನ್ನು ಕಟ್ಟಿತು. ಗೇಣಿದಾರರ ಪಕ್ಷ ವಹಿಸಿ 1940ರ ದಶಕದಲ್ಲಿ ಗಡಿಪಾರಿಗೂ ಗುರಿಯಾದ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ, ಪ್ರೌಢಶಾಲೆಗಳನ್ನು ಹಳ್ಳಿಗಳಿಗೆ ಒಯ್ದರು. (ಅವರನ್ನು ಚುಟುಕಗಳಿಗಾಗಿ ಮಾತ್ರ ನೆನೆಯುವುದು ಅರ್ಧ ನೆನಪು.) 1964ರಲ್ಲಿ ಹೊನ್ನಾವರ, ಕುಮಟಾಗಳೆರಡರಲ್ಲಿಯೂ ಕಾಲೇಜುಗಳು ತೆರೆದವು.

ಬಾಗಿಲು ಅಗಲವಾಯಿತು, ಒಳಗೆ ದೊರೆಯುವುದೇನು? ಇಲ್ಲಿಯ ಒಂದೇ ತರಗತಿಯಲ್ಲಿ ಕೊಂಕಣಿ, ನವಾಯತಿ, ಹವ್ಯಕ ಕನ್ನಡ, ಹಾಲಕ್ಕಿ ಕನ್ನಡಗಳ ಮನೆಗಳಿಂದ ಬಂದ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಈ ನಾಲಗೆಗಳಲ್ಲಿ ಯಾವುದನ್ನೂ ಹೀಗಳೆಯದೆ ಎಲ್ಲರನ್ನೂ ಗ್ರಂಥಭಾಷೆಗೆ ಕರೆತರುವುದು ಬಲ್ಲ ಗುರುವಿಗೆ ಮಾತ್ರ ಸಾಧ್ಯ. ಗಿಳಿಪಾಠದಿಂದಾಗಲಿ, ಪ್ರಶ್ನೋತ್ತರದ ಮಾರ್ಗದರ್ಶಿಗಳಿಂದಾಗಲಿ ಆಗುವ ಕಾರ್ಯವಲ್ಲ. ಆದರೂ ದಾನಿಗಳ ಔದಾರ್ಯವು ಬಹುಮಟ್ಟಿಗೆ ಕೊಠಡಿ, ಕಮಾನುಗಳತ್ತಲೇ ಹರಿಯುತ್ತದೆ. ಹೆಸರಿನ ಕಲ್ಲು ಗೋಡೆಯಲ್ಲಿ ನಿಲ್ಲುತ್ತದೆ, ಗುರುವಿನ ಬೆನ್ನಿನ ಮೇಲೆ ನಿಲ್ಲದಷ್ಟೆ!

ಪ್ರಾಚೀನರ ದಾನದ ರೀತಿ ಬೇರೆ. ಘಟ್ಟದಾಚೆ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಶಾಲೆಯೊಂದನ್ನು ಕಟ್ಟಿಸಿದನು. ಅಲ್ಲಿಯ 945ರ ಶಾಸನವು ಕಟ್ಟಡದ ಮಾತಿಗೆ ನಿಲ್ಲದೆ, ಉಪಾಧ್ಯಾಯನಿಗೆ 50 ನಿವರ್ತನ ಭೂಮಿಯನ್ನೂ ದೀಪದ ಖರ್ಚಿಗೆ 12 ನಿವರ್ತನವನ್ನೂ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳನ್ನೂ ಬಿಟ್ಟುದನ್ನು ಹೇಳುತ್ತದೆ. ಎಣ್ಣೆಯಿಲ್ಲದ ಶಾಲೆ ಸಂಜೆಗೆ ಕತ್ತಲಾಗುವುದೆಂಬುದನ್ನು ಆ ದಾನಿಗಳು ಬಲ್ಲವರಾಗಿದ್ದರು.

ಇಂದಿನ ದೀಪದೆಣ್ಣೆಯೆಂದರೆ ಗ್ರಂಥಾಲಯ. ಮುಂದಿನ ದತ್ತಿಗಳನ್ನು ನಿಶ್ಚಯಿಸುವಾಗ ಒಂದು ಕೊಠಡಿಯ ವೆಚ್ಚವನ್ನಾದರೂ ಶಾಶ್ವತ ನಿಧಿಯಾಗಿರಿಸಿ, ಅದರ ಬಡ್ಡಿಯಿಂದ ನಿಘಂಟು, ವ್ಯಾಕರಣ, ಕಾವ್ಯಗಳನ್ನು ಕೊಳ್ಳುವ ಮತ್ತು ಕನ್ನಡ ಅಧ್ಯಾಪಕರೊಬ್ಬರ ವೇತನಕ್ಕೆ ಆಸರೆಯಾಗುವ ಏರ್ಪಾಡನ್ನು ಹಳೆಯ ವಿದ್ಯಾರ್ಥಿಗಳು ತಂತಮ್ಮ ಶಾಲೆಯ ಆಡಳಿತ ಮಂಡಳಿಯ ಮುಂದಿಡಬೇಕು. ಆ ನಿಧಿಗೆ ದಾನಿಯ ಹೆಸರನ್ನೇ ಇಡಬಹುದು. ಅದಕ್ಕೆ ಯಾರ ಆಕ್ಷೇಪವೂ ಇರಲಾರದು.